ನಾನು ಊದದ ಬ್ಯೂಗಲ್

ಲಕ್ಷ್ಮಮ್ಮನವರೇ, ಅವತ್ತು ನಿಮ್ಮ ಮಗನ ಹೆಸರಿನಲ್ಲಿ ಬ್ಯೂಗಲ್ ಊದಿದ್ದು ನಾನಲ್ಲ. ಊದಿದವನು ಯಾರೋ, ಯಾವ ಪಲ್ಟನ್ನಿನವನೋ—ನನಗೂ ಗೊತ್ತಿಲ್ಲ. ಅದೊಂದು ಕ್ಯಾಸೆಟ್. ನಾನು ಬ್ಯೂಗಲನ್ನು ತುಟಿಗೆ ಒತ್ತಿಕೊಂಡು, ಕೆನ್ನೆ ಉಬ್ಬಿಸಿ ನಿಂತಿದ್ದೆ, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಿಮ್ಮ ನಾಗೇಂದ್ರ ಗಡಿಯಲ್ಲಿ ತೀರಿಕೊಂಡು ವರ್ಷ ತುಂಬಿತ್ತು. ಚಿಕ್ಕಲಸಂದ್ರದ ನಮ್ಮ ಬೀದಿಯ ತಿರುವಿನಲ್ಲಿ ಅವನ ಹೆಸರಿನ ಕಲ್ಲು ನಿಲ್ಲಿಸುವುದೆಂದಾಯಿತು. ನೀವು ನಮ್ಮ ಮನೆ ಬಾಗಿಲಿಗೆ ಬಂದು ಕೇಳಿದ್ದು ಒಂದೇ. "ಅಣ್ಣ, ನೀವು ಮಿಲಿಟರಿಲಿ ಬ್ಯೂಗಲ್ ಊದ್ತಿದ್ರಂತಲ್ಲ. ಅವನಿಗೂ ಒಂದ್ಸಲ ಊದಿ. ಅವನನ್ನ ಮನೆಗೆ ತಂದಾಗ ಆ ಗಲಾಟೆಲಿ ನನಗೇನೂ ಕೇಳಿಸ್ಲಿಲ್ಲ."

"ಅದಕ್ಕೇನಮ್ಮ, ಊದ್ತೀನಿ" ಎಂದುಬಿಟ್ಟೆ—ಎದೆಯುಬ್ಬಿಸಿ.

ನನ್ನ ಮುಂದಿನ ನಾಲ್ಕು ಹಲ್ಲು ಕಟ್ಟಿಸಿದವು. ಬ್ಯೂಗಲ್ಲಿಗೆ ಒತ್ತುವ ಗುಂಡಿಗಳಿಲ್ಲ. ಸ್ವರವೆಲ್ಲ ತುಟಿ-ಹಲ್ಲಿನ ಬಿಗಿಯಲ್ಲೇ ಹುಟ್ಟಬೇಕು. ಕಟ್ಟಿಸಿದ ಹಲ್ಲು ಅಲುಗಿದರೆ ಬರುವುದು ಬರೀ ಗಾಳಿ. ಒಂದು ವಾರ ಟೆರೇಸಿನ ಮೇಲೆ ಹೆಣಗಿದೆ—ಥೂ! ಎಮ್ಮೆ ಕೂಗಿದ ಹಾಗೆ. ಆಗಲಾದರೂ ಬಂದು "ಆಗ್ತಿಲ್ಲಮ್ಮ" ಎನ್ನಬಹುದಿತ್ತು. ನಾಲ್ಕು ಮನೆ ಆಚೆ ನಿಮ್ಮ ಮನೆ. ನನ್ನ ಕಾಲಿಗೇನು ರೋಗ ಬಂದಿತ್ತು?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಸಕೆರೆಹಳ್ಳಿಯ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುವ ಮುನಿರಾಜು ಕಲ್ಲು ನಿಲ್ಲಿಸುವ ಹಿಂದಿನ ದಿನ ತಾನಾಗಿಯೇ ಬಂದಿದ್ದ. ನಾಗೇಂದ್ರನ ಜೊತೆ ಓದಿದವನಂತೆ. "ಸಾರ್, ತೀರಿಹೋದ ಸೈನಿಕರಿಗೆ ಊದೋ ಆ ರಾಗ ನಾನೂ ಕಲ್ತಿದ್ದೀನಿ. ನಿಮಗೆ ಕಷ್ಟ ಆದ್ರೆ ನಾನು ಊದ್ಲಾ?" ಎಂದು ಕೇಳಿ, ಅಲ್ಲೇ ಮೆಲ್ಲಗೆ ಊದಿ ತೋರಿಸಿದ. ಒಂದು ಸ್ವರವೂ ಜಾರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. "ಮದ್ವೆ ಮೆರವಣಿಗೇಲಿ ಊದೋನು ಹುತಾತ್ಮನಿಗೆ ಊದ್ತೀಯೇನೋ? ನಡಿ ಆಚೆ!" ಎಂದೆ. ಅವನು ಟ್ರಂಪೆಟ್ ಎತ್ತಿಕೊಂಡು ಹೋದ.

ಬೆಳಿಗ್ಗೆ ಮೈಕ್‌ಸೆಟ್ ತಂದವನ ಕಿವಿಯಲ್ಲಿ ಹೇಳಿ, ಬಟ್ಟೆ ಹೊದಿಸಿದ ಮೇಜಿನ ಕೆಳಗೆ ಟೇಪ್‌ರೆಕಾರ್ಡರ್ ಇರಿಸಿದೆ. ನನ್ನ ಮುಂದೆ ಮೈಕ್, ಕಂಬದ ಮೇಲೆ ಸ್ಪೀಕರ್. ಯಾರಿಗೆ ತಾನೇ ಅನುಮಾನ ಬಂದೀತು? ರಾಗ ಶುರುವಾಯಿತು. ನೀವು ಸೆರಗು ಬಿಗಿಯಾಗಿ ಹಿಡಿದು ಕಲ್ಲನ್ನೇ ನೋಡುತ್ತಿದ್ದಿರಿ. ರಾಗ ಇನ್ನೇನು ಮೇಲಕ್ಕೆ ಏರಬೇಕು—ಕರೆಂಟ್ ಹೋಯಿತು.

ಮೈಕಿಗೆ ಕರೆಂಟ್ ಬೇಕು, ಸರಿ. ಬ್ಯೂಗಲ್ಲಿಗೆ ಯಾಕೆ ಬೇಕು? ಅಷ್ಟು ಜನರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ಸಿಕ್ಕಿಬಿದ್ದೆನೆಂಬ ಭಯಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಎಲ್ಲರೂ ದುಃಖವೆಂದುಕೊಂಡರು. ಊದಲಾಗದೆ ನಿಲ್ಲಿಸಿದ ಎಂದುಕೊಂಡರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಹಾಕದ ನೀವು ಬಂದು ನನ್ನ ತೋಳು ಹಿಡಿದು, "ಸಾಕು ಬಿಡಿ ಅಣ್ಣ, ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ" ಎಂದಿರಿ. ಮಗನನ್ನು ಕಳೆದುಕೊಂಡ ತಾಯಿ ನನ್ನನ್ನು ಸಂತೈಸುವುದು, ನಾನು—ನಾನು ಹೌದೆಂದು ತಲೆಯಾಡಿಸುವುದು! ಗುಂಪಿನ ಹಿಂದೆ ಮುನಿರಾಜು ನಿಂತಿದ್ದ. ಅವನಿಗೆ ಎಲ್ಲ ತಿಳಿದಿತ್ತು. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಆಮೇಲೆ ಪ್ರತಿ ವರ್ಷ ಆ ದಿನ ಬಂದಾಗ, "ಅಣ್ಣನಿಗೆ ಊದೋಕೆ ಹೇಳ್ಬೇಡಿ, ಅವರ ಮನಸ್ಸು ತಡ್ಕೊಳಲ್ಲ" ಎಂದು ನೀವೇ ಎಲ್ಲರನ್ನೂ ತಡೆದಿರಿ. ಬೇರೆಯವರನ್ನು ಕರೆಸಿದರೆ ನನಗೆ ನೋವಾದೀತೆಂದು ಅದನ್ನೂ ಬೇಡವೆಂದಿರಿ. ಹಾರ ಹಾಕುತ್ತೇವೆ, ಸುಮ್ಮನೆ ನಿಲ್ಲುತ್ತೇವೆ, ಮನೆಗೆ ಹೋಗುತ್ತೇವೆ. ಬೀದಿಯಲ್ಲಿ ನನಗೆ ಮರ್ಯಾದೆ ಬೇರೆ ಹೆಚ್ಚಾಯಿತು. ನಿಜ ಹೇಳಬೇಕೆಂದು ಎಷ್ಟು ಸಲ ನಿಮ್ಮ ಗೇಟಿನವರೆಗೆ ಬಂದಿದ್ದೇನೆ. "ಕಾಫಿ ಕುಡೀತೀರಾ ಅಣ್ಣ" ಎಂದರೆ ಕುಡಿದು ವಾಪಸಾಗಿದ್ದೇನೆ. ಹೇಡಿ—ಸಮವಸ್ತ್ರ ತೊಟ್ಟಿದ್ದ ಹೇಡಿ.

ಮೊನ್ನೆ ಹಾಲಿನ ಬೂತಿನ ಎದುರು ನೀವು ಇದ್ದಕ್ಕಿದ್ದಂತೆ ಕೇಳಿದಿರಿ. "ಅಣ್ಣ, ಅವತ್ತು ನಿಂತೋಯ್ತಲ್ಲ... ಅದರ ಮುಂದೆ ಇನ್ನೂ ಎಷ್ಟಿತ್ತು?"

ಇಷ್ಟು ವರ್ಷ ನೀವು ಅದನ್ನೇ ಯೋಚಿಸುತ್ತಿದ್ದಿರಾ?

"ಸ್ವಲ್ಪ ಅಷ್ಟೇ ಅಮ್ಮ" ಎಂದೆ. ಅದೂ ಸುಳ್ಳು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು, ಲಕ್ಷ್ಮಮ್ಮ. ಅದನ್ನು ನಿಮಗೆ ಕೇಳಿಸದ ಹಾಗೆ ಮಾಡಿದವನು ನಾನು. ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.