ನಾಗಕ್ಕನ ಮನೆಯ ಬಿಸಿನೀರು

ಕೊಟ್ಟೂರಿಗೆ ಬಂದ ಮೊದಲ ಬೆಳಿಗ್ಗೆ ಸೋಪು ನೊರೆ ಬಿಡಲು ಒಪ್ಪಲೇ ಇಲ್ಲ. ಎಷ್ಟು ತಿಕ್ಕಿದರೂ ಮೈಮೇಲೆ ಬಿಳಿ ಜಿಗುಟು, ತಲೆಗೂದಲು ತೆಂಗಿನ ನಾರು. ಕುಂದಾಪುರದ ನಮ್ಮ ಬಾವಿನೀರಿಗೆ ಸೋಪು ತೋರಿಸಿದರೆ ಸಾಕಿತ್ತು. ಇಲ್ಲಿಯದು ಸವಳು ನೀರು, ಅಂದರೆ ಸುಣ್ಣ, ಉಪ್ಪು ಬೆರೆತ ಬೋರ್‌ವೆಲ್ ನೀರು. ಟೀಚರ್ ಕೆಲಸ ಸಿಕ್ಕ ಸಂಭ್ರಮ ಆ ಒಂದು ಸ್ನಾನದಲ್ಲೇ ತೊಳೆದುಹೋಯಿತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಪಕ್ಕದ ಮನೆಯ ನಾಗಕ್ಕನ ಗೀಸರ್. ಅದೇ ಬೋರಿನ ನೀರು, ಎಂಟು ವರ್ಷದ ಹಳೇ ಗೀಸರ್, ಆದರೂ ಹತ್ತು ನಿಮಿಷಕ್ಕೆ ಹಬೆಯಾಡುವ ನೀರು. ನನ್ನ ಬಾಡಿಗೆ ಮನೆಯ ಎರಡೇ ವರ್ಷದ ಗೀಸರ್ ಮುಕ್ಕಾಲು ಗಂಟೆ ಗುಡುಗುಡು ಎಂದರೂ ನೀರು ಉಗುರುಬೆಚ್ಚಗೆ. ಒಂದು ಭಾನುವಾರ ನಾಗಕ್ಕ ನನ್ನ ಐದು ವರ್ಷದ ಮಗಳು ಅನುವಿಗೆ ಎಣ್ಣೆ ಹಚ್ಚಿ ಎರೆದಳು. ಅಲ್ಲಿಂದಾಚೆ ಭಾನುವಾರ ಬಂದರೆ ಮಗಳು ಟವೆಲ್ ಹೆಗಲಿಗೇರಿಸಿ ಅಲ್ಲಿಗೇ ಓಡುತ್ತಿದ್ದಳು. ಹೊಟ್ಟೆಕಿಚ್ಚಿನಲ್ಲಿ ನೀರು ಕಾಯುವುದಾದರೆ ನನಗೆ ಗೀಸರೇ ಬೇಕಿರಲಿಲ್ಲ.

ನಾಗಕ್ಕನನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದೆಂದರೆ ಸೋತಂತೆ. ಕದ್ದು ನೋಡಿ ಒಂದು ವ್ಯತ್ಯಾಸ ಹುಡುಕಿದೆ: ನನ್ನ ಗೀಸರಿನ ಕೆಳಗಿನ ವಾಲ್ವ್ ಹನಿಯುತ್ತಿತ್ತು, ಅವಳ ಬಚ್ಚಲ ನೆಲ ಒಣಗಿತ್ತು. ಊರಲ್ಲಿ ಹಂಡೆಯ ನಲ್ಲಿ ಸೋರಿದರೆ ಅಮ್ಮ ಬಟ್ಟೆ ಬಿಗಿಯುತ್ತಿದ್ದಳು. ನಾನೂ ಹಳೇ ಸೀರೆಯ ಚೂರು ತುರುಕಿ, ಮೇಲೆ ಸೈಕಲ್ ಟ್ಯೂಬು ಬಿಗಿದೆ. ಶಾಖದ ಗುಂಡಿಯನ್ನೂ ಕೊನೆಯವರೆಗೆ ತಿರುಗಿಸಿದೆ. "ಇವತ್ತು ಸ್ನಾನ ಇಲ್ಲೇ" ಎಂದು ಅನುವನ್ನು ಬಚ್ಚಲಲ್ಲಿ ಕೂರಿಸಿದೆ.

"ಅನೂ, ಬಾರವ್ವಾ, ನೀರು ಕಾದೈತಿ" ಎನ್ನುತ್ತ ಬಂದ ನಾಗಕ್ಕ, ಒಳಗಿನ ಸದ್ದು ಕೇಳಿದ್ದೇ ಸ್ವಿಚ್ ಆರಿಸಿ ಮಗುವನ್ನು ಬಾಚಿಕೊಂಡು ಹೊರಗೆ ಬಂದಳು.

"ಟೀಚರ್ರ, ಅದ್ರ ಬಾಯಿ ಯಾರ್ ಕಟ್ಟಿದ್ರಿ?"

"ನಾನೇ. ಸೋರ್ತಿತ್ತಲ್ಲ."

"ಕಾಯುವಾಗ ಎರಡು ಹನಿ ಬಿಡಬೇಕ್ರಿ ಅದು. ಬಿಡ್ಲಿಲ್ಲಂದ್ರ ಒಳಗ ಒತ್ತಿ ಸಿಡಿತೈತಿ. ನಮ್ದೂ ಹನಿತೈತಿ, ಪೈಪ್ ಹಾಕಿ ಬಕೀಟಿಗೆ ಬಿಟ್ಟೀನಿ. ಬಾಂಡೆ ತೊಳಿಯಾಕ ಬರತೈತಿ. ಆರೋ ಮಟ ಯಾರೂ ಮುಟ್ಟಬ್ಯಾಡ್ರಿ."

ನಾನು ಬಚ್ಚಲ ಬಾಗಿಲೆಳೆದು ಚಿಲಕ ಹಾಕಿದೆ. ಮಗಳು ಅವಳ ಕುತ್ತಿಗೆಗೆ ಜೋತುಬಿದ್ದಿದ್ದಳು. ಆ ಹೊತ್ತಿನಲ್ಲೂ ಅದನ್ನು ನೋಡಿ ನನಗೆ ಉರಿಯಿತೆಂದರೆ ನಂಬಿ.

ಮರುದಿನ ಎಲೆಕ್ಟ್ರಿಷಿಯನ್ ಬಂದು ಗೀಸರ್ ಬಿಚ್ಚಿದ. ಒಂದು ಮೊರದಷ್ಟು ಸುಣ್ಣದ ಚಕ್ಕೆ ಉದುರಿತು. ತುಕ್ಕು ತಡೆಯುವ ರಾಡು ಸವೆದು ಕಡ್ಡಿಯಾಗಿತ್ತು. ವರ್ಷಕ್ಕೊಮ್ಮೆ ಬಿಚ್ಚಿಸಬೇಕಂತೆ. ಅದನ್ನು ತಪ್ಪದೆ ಹೇಗೆ ನೆನಪಿಡುತ್ತೀ ಎಂದು ನಾಗಕ್ಕನನ್ನು ಕೊನೆಗೂ ಕೇಳಿದೆ.

"ನೀರು ತುಂಬೋ ಹಬ್ಬ ಐತಲ್ರಿ! ಹಂಡೆ ಹೋತು, ಹಬ್ಬ ಹೋಕ್ಕೈತೇನು?"

ದೀಪಾವಳಿಯ ಆ ಹಬ್ಬಕ್ಕೆ ಅವಳು ಗೀಸರ್ ಬಿಚ್ಚಿಸಿ, ಸುಣ್ಣ ಕೆರೆಸಿ, ಅರ್ಥಿಂಗ್ ನೋಡಿಸಿ, ಹೊಸ ನೀರು ತುಂಬಿಸಿ, ವಿಭೂತಿ ಬಳಿದು, ಹಂಡೆಗೆ ಸುತ್ತುವ ಹಬ್ಬದ ಬಳ್ಳಿ ಕಟ್ಟುತ್ತಾಳೆ. ನಮ್ಮಮ್ಮ ಹಂಡೆಗೆ ಮಾಡುವುದೂ ಇದನ್ನೇ. ನಾನು ಊರಿನಿಂದ ಉಪ್ಪಿನಕಾಯಿ ಭರಣಿ ತಂದೆ, ಹಬ್ಬ ಬಿಟ್ಟುಬಂದೆ. ನನ್ನ ಬುದ್ಧಿಯ ಮೇಲೆ ನನಗೇ ಸಿಟ್ಟು ಬಂತು.

ಕಳೆದ ದೀಪಾವಳಿಗೆ ನಮ್ಮ ಗೀಸರಿಗೂ ಬಳ್ಳಿ ಸುತ್ತಿದೆವು. ಅನು ಈಗ ನಮ್ಮ ಬಚ್ಚಲಲ್ಲೇ ಸ್ನಾನ ಮಾಡುತ್ತಾಳೆ. ಗೆದ್ದೆ ಎಂದುಕೊಂಡೇ ಬೇಸಿಗೆ ರಜೆಗೆ ಊರಿಗೆ ಹೋದೆ. ಅಮ್ಮ ಹಂಡೆಯಿಂದ ಮೊಗೆದು ಮೊಮ್ಮಗಳಿಗೆ ಎರೆದಳು. ಅನು ಸೋಪು ಹಚ್ಚಿದ ಮೈ ಮುಟ್ಟಿಕೊಂಡು ಮುಖ ಕಿವುಚಿದಳು.

"ಅಜ್ಜಿ, ಈ ನೀರು ಜಾರತೈತಿ. ನಮ್ಮೂರ ನೀರ ಛಲೋ ಐತಿ."

ಅಮ್ಮನ ಕೈಯ ಚೆಂಬು ಅಲ್ಲೇ ನಿಂತಿತು. "ಹೆಣೆ, ನಿನ್ನೂರ್ ಯಾವ್ದ್?" ಎಂದು ಕೇಳಿದಳು, ಅನುವನ್ನಲ್ಲ, ನನ್ನನ್ನು. ಅಮ್ಮನ ಕಣ್ಣಲ್ಲಿದ್ದ ಹೊಟ್ಟೆಕಿಚ್ಚನ್ನು ನಾನು ಕೂಡಲೇ ಗುರುತಿಸಿದೆ.