ಸಾಕಮ್ಮನ ಹೆಬ್ಬೆಟ್ಟು, ನನ್ನ ಸಹಿ

ಕನಕಪುರದಲ್ಲಿ ಬರಹಗಾರ ಅಂದರೆ ಕಥೆ ಬರೆಯುವವರು ನೆನಪಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆಯುವ ನನ್ನಂಥವರು ನೆನಪಾಗುತ್ತೇವೆ. ಇಪ್ಪತ್ತು ವರ್ಷಕ್ಕೂ ಮೀರಿ ಆ ಕೆಲಸ ಮಾಡಿದೆ. ಪತ್ರದ ಕೊನೆಗೆ 'ಬರೆದವರು' ಎಂಬಲ್ಲಿ ಸಹಿ ಹಾಕುವಾಗ ಒಳಗೊಳಗೇ ಜಂಬವೂ ಇತ್ತು. ಆ ಪದದ ಅರ್ಥ ತಿಳಿಸಿದವರು ಸಾತನೂರು ಕಡೆಯ ಸಾಕಮ್ಮ.

ಆಗ ಕೈಬರಹ ಹೋಗಿ ಕಂಪ್ಯೂಟರ್ ಬಂದಿತ್ತು. ಹಳೆಯ ಪತ್ರವನ್ನೇ ತೆರೆದು, ಹೆಸರು, ಸರ್ವೆ ನಂಬರ್ ಬದಲಿಸಿ ಪ್ರಿಂಟ್ ತೆಗೆಯುತ್ತಿದ್ದೆ. 'ಓದಿ ಹೇಳಲಾಗಿ ಕೇಳಿ ಒಪ್ಪಿರುತ್ತೇನೆ' ಎಂಬ ಕೊನೆಯ ಸಾಲು ತಾನಾಗಿಯೇ ಬರುತ್ತಿತ್ತು. ಓದಿ ಹೇಳುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೆ.

ಸಾಕಮ್ಮನ ತಮ್ಮ ಶಿವಣ್ಣ ಎರಡು ಜಮೀನಿನ ಪಹಣಿ ಕೊಟ್ಟು, ಅಕ್ಕ ತನ್ನ ಭಾಗ ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಬರೆಯಲು ಹೇಳಿದ್ದ. ಮರುದಿನ ಆಕೆಯನ್ನೂ ಕರೆತಂದ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ರೇಷ್ಮೆಹುಳು ಸಾಕಿ ಬದುಕುತ್ತಿದ್ದ ಹೆಂಗಸು. ಪತ್ರಕ್ಕೆ ನಾನಾಗಲೇ ಸಹಿ ಹಾಕಿಟ್ಟಿದ್ದೆ. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡ ಸಾಕಮ್ಮ ಒತ್ತದೆ ಕೈ ತಡೆದರು.

"ಬರ್ದೋರು ನೀವೇ ಅಲ್ವಾ ಸ್ವಾಮಿ? ಒಸಿ ಓದಿ, ಕೇಳ್ತೀನಿ."

ಕಚೇರಿಯಲ್ಲಿ ನಮ್ಮ ಟೋಕನ್ ಕರೆಯುವ ಹೊತ್ತು, ಸಿಟ್ಟು ಬಂತು. ಗಡಬಡಿಸಿ ಓದಿದೆ. ಎರಡನೇ ಜಮೀನಿನ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುತ್ತಾ 'ಪೂರ್ವಕ್ಕೆ ಬಾವಿ' ಅಂದೆ. ಆಕೆಯ ಮುಖ ಸಪ್ಪಗಾಯಿತು.

"ಅದು ಹಿಪ್ಪುನೇರಳೆ ತೋಟ ಕಣ್ಲಾ ಶಿವ! ಹೊಲ ಒಂದೇ ಅಂದಿದ್ದೆ. ತೋಟಾನೂ ಬುಟ್ಕೊಟ್ರೆ ಹುಳಕ್ಕೆ ಸೊಪ್ಪು ಎಲ್ಲಿಂದ ತರ್ಲಿ?"

ಶಿವಣ್ಣ ನನ್ನತ್ತ ಕೈ ತೋರಿಸಿದ. "ನಂಗೇನ್ ಗೊತ್ತಕ್ಕ? ಬರಹಗಾರ್ರು ಬರ್ದ್ಬುಟ್ಟವ್ರೆ."

ಮೈ ಉರಿಯಿತು. ಅವನು ಕೊಟ್ಟ ಎರಡೂ ಪಹಣಿ ಮೇಜಿನ ಮೇಲಿಟ್ಟೆ. ಆದರೆ ಸಾಕಮ್ಮ ನೋಡುತ್ತಿದ್ದುದು ನನ್ನನ್ನೇ. ಓದಿ ಹೇಳಿದ್ದೇನೆಂಬ ಸಾಲಿನ ಕೆಳಗೆ ನನ್ನ ಸಹಿ ಇತ್ತು.

"ಕೊಟ್ಟಿದ್ದು ಇವರು ಕಣಮ್ಮ. ನಿಮ್ಮನ್ನ ಒಂದು ಮಾತು ಕೇಳದೆ ಬರೆದಿದ್ದು ನಾನು," ಎಂದೆ. ತುಂಬ ನಾಚಿಕೆಯಾಯಿತು.

"ಹೊಲ ಕೊಡ್ತೀನಿ ಅಂದಿದ್ದೆ, ಕೊಡ್ತೀನಿ. ತೋಟ ಮುಟ್ಬೇಡಿ," ಎಂದರು ಸಾಕಮ್ಮ. ಪತ್ರ ಹರಿದು ಹಾಕಿ, ಹೊಲವೊಂದನ್ನೇ ಸೇರಿಸಿ ಹೊಸದಾಗಿ ಬರೆದೆ. ನಿಧಾನವಾಗಿ ಎರಡು ಸಲ ಓದಿದೆ.

"ಈಗ ನೀವ್ ಸಯಿ ಹಾಕಿ ಸ್ವಾಮಿ. ಆಮೇಲೆ ನಾನ್ ಒತ್ತೀನಿ."

ಸಹಿ ಹಾಕಿ, ಪತ್ರವನ್ನೂ ಶಾಯಿಯನ್ನೂ ಆಕೆಯತ್ತ ಸರಿಸಿದೆ.

ಅಂದು ಸಂಜೆಯೇ 'ಓದಿ ಹೇಳಲಾಗಿ' ಎಂಬ ಆ ಕೊನೆಯ ಸಾಲನ್ನು ಕಂಪ್ಯೂಟರಿನಲ್ಲಿದ್ದ ಹಳೆಯ ಪತ್ರಗಳಿಂದ ಅಳಿಸಿದೆ. ಬರಹಗಾರ ಅಂದರೆ ಬರೆದದ್ದಕ್ಕೆ ಎದುರು ಕೂತವರಿಗೆ ಉತ್ತರ ಹೇಳಬೇಕಾದವನು. ಕೆಲಸ ಬಿಡುವವರೆಗೂ ಆ ಸಾಲನ್ನು, ಪ್ರತಿ ಪತ್ರವನ್ನೂ ಓದಿ ಮುಗಿಸಿದ ಮೇಲೆ, ಕೇಳಿದವರ ಮುಂದೆಯೇ ಟೈಪ್ ಮಾಡಿದೆ.