ಎಂಜಿನ್ನಲ್ಲಿ ಸಿಕ್ಕ ಸ್ಪ್ರಿಂಗು

ತೀರಿಹೋದ ಅಪ್ಪ ಓಡಿಸುತ್ತಿದ್ದ ಹಳೇ ಲಾರಿಯನ್ನು ಗುಜರಿಯಿಂದ ಬಿಡಿಸಿ ತಂದಂದಿನಿಂದ ಮೇಸ್ತ್ರಿಗೆ ಊಟ ನಿದ್ದೆಯ ಪರಿವೆ ಇರಲಿಲ್ಲ. ನಲವತ್ತು ವರ್ಷ ಎಂಜಿನ್ ಬಿಚ್ಚಿದವನಿಗೆ ಗೊತ್ತಿಲ್ಲದ ಭಾಗ ಯಾವುದಿದ್ದೀತು ಎಂಬ ಜಂಬ ಬೇರೆ. ಬಿಚ್ಚಿದ್ದನ್ನೆಲ್ಲ ಹಳೇ ಹೊದಿಕೆಯ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಲಾರಿ ರಿಪೇರಿ ಪುಸ್ತಕದ ಚಿತ್ರಕ್ಕೆ ತಾಳೆ ನೋಡಿದ. ಆಯಿಲಿನ ಒತ್ತಡ ಕಾಯುವ ವಾಲ್ವಿನೊಳಗಿನ ಸ್ಪ್ರಿಂಗು ಮಾತ್ರ ಕೈಕೊಟ್ಟಿತು. ಪುಸ್ತಕದ್ದು ಮೋಟು, ದಪ್ಪ. ಇದು ಉದ್ದ, ಸಣಕಲು. ಮೂರು ದಿನ ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿದ. ಯಾರಿಗೂ ಗುರುತು ಹತ್ತಲಿಲ್ಲ.

ನಾಲ್ಕನೆಯ ದಿನ ಬುತ್ತಿ ತಂದ ಅಕ್ಕ ಅದನ್ನು ನೋಡಿದಳು. ಅವಳು ಟೈಲರ್.

"ಇದು ಲಾರೀದಲ್ಲ ಕಣೋ. ಹೊಲಿಗೆ ಮಷೀನಲ್ಲಿ ಬಟ್ಟೆ ಒತ್ತಿ ಹಿಡಿಯೋ ಸ್ಪ್ರಿಂಗು. ದಿನಾ ನೋಡ್ತೀನಲ್ಲ!"

ಮೇಸ್ತ್ರಿಯ ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ಅವನಿಗೆ ಎಂಟು ವರ್ಷವಾಗಿದ್ದಾಗ ಅಮ್ಮನ ಮಷೀನಿನ ಸ್ಪ್ರಿಂಗು ಮಾಯವಾಗಿತ್ತು. ಆಡೋಕೆ ಕದ್ದೆ ಎಂದು ಅಪ್ಪ ಹಿಂಡಿದ್ದು ಅದೇ ಕಿವಿಯನ್ನು. ಅಮ್ಮ ಇವತ್ತಿಗೂ ಆ ಮಾತೆತ್ತಿ ಹಂಗಿಸುತ್ತಾಳೆ.

ಅಕ್ಕನಿಗೂ ಅದು ನೆನಪಾಯಿತು. "ಅಯ್ಯೋ, ತೆಗೆದು ಲಾರಿಗೆ ಹಾಕಿದ್ದು ಅಪ್ಪನೇ! ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತಲ್ಲೋ!" ಎಂದು ಬಿದ್ದು ಬಿದ್ದು ನಕ್ಕಳು.

ಮೇಸ್ತ್ರಿ ನಗಲಿಲ್ಲ. ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಕ್ಕನ ಕೈಗಿಟ್ಟ.

"ಅಮ್ಮಂಗೆ ಕೊಡು. ಸಿಕ್ತು ಅಂತ ಹೇಳು. ಎಲ್ಲಿ ಸಿಕ್ತು ಅನ್ನೋದನ್ನ ಮಾತ್ರ ಗಟ್ಟಿಯಾಗಿ ಹೇಳು, ಅಕ್ಕಪಕ್ಕದವರಿಗೂ ಕೇಳ್ಲಿ."